ಕಚ್ಚಾ ಹೊಲಿಗೆ

ಏಜೆಂಟನ ಬಾಯಿಗೆ ಹಾಕುವ ಬೀಗ ಇನ್ನೂ ತಯಾರಾಗಿಲ್ಲ ಎಂದು ಬಡಾವಣೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ವಿಮೆ ಮಾರುವುದು ಅವನ ಕಸುಬು. ಸತ್ತ ಮೇಲೆ ಬರುವ ಲಾಭವನ್ನು ಬದುಕಿರುವವನಿಗೆ ಮಾರಬೇಕಾದರೆ ನಾಲಿಗೆಗೆ ಸ್ವಲ್ಪ ಎಣ್ಣೆ ಬೇಕು, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಈ ಏಜೆಂಟ್ ತನ್ನ ನಾಲಿಗೆಗೆ ಹಚ್ಚಿಕೊಂಡದ್ದು ಹೆತ್ತ ತಾಯಿಯನ್ನು. ಯಾರ ಮನೆಗೆ ಹೋದರೂ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ ನಿಂತು, ದನಿ ತಗ್ಗಿಸಿ ಶುರುಮಾಡುತ್ತಿದ್ದ.

"ನಮ್ಮಮ್ಮನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದೋಯ್ತು ಸರ್. ಅವತ್ತಿಂದ ನಾನೇ ಅವಳಿಗೆ ಕೈ, ನಾನೇ ಕಾಲು. ತಿನ್ನಿಸೋದು, ಒರೆಸೋದು, ಮಗ್ಗುಲು ಬದಲಾಯಿಸೋದು, ಎಲ್ಲಾ ನಾನೇ. ಆದ್ರೆ ಎಲ್ರಿಗೂ ಇಂಥ ಮಗ ಇರ್ತಾನಾ ಹೇಳಿ? ಅದಕ್ಕೇ ಒಂದು ಪಾಲಿಸಿ ಬೇಕು ಅನ್ನೋದು."

ಕೇಳಿದವರ ಕಣ್ಣು ತೇವವಾಗುತ್ತಿತ್ತು. ಅವನ ಹೆಂಡತಿಯ ಕಣ್ಣು ಮಾತ್ರ ಉರಿಯುತ್ತಿತ್ತು, ಯಾಕೆಂದರೆ ಆ ಕೈ, ಆ ಕಾಲು, ಎರಡೂ ಅವಳವು.

ಅವಳು ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ ಕರೆಯೋಣ. ಕತ್ತರಿಯ ಬೆಳಗು ಶುರುವಾಗುತ್ತಿದ್ದದ್ದು ಅತ್ತೆಯ ಚಮಚದಿಂದ. ಅತ್ತೆಗೆ ಎಡಗೈ ಒಂದು ಆಡುತ್ತಿತ್ತು. ಏನು ಬೇಕಾದರೂ ಆ ಕೈಯಲ್ಲಿ ಸ್ಟೀಲ್ ಚಮಚ ಹಿಡಿದು ಮಂಚದ ಕಂಬಿಗೆ ಟಣ್ ಟಣ್ ಎಂದು ಬಡಿಯುತ್ತಿದ್ದಳು. ಆ ಸದ್ದಿಗೆ ಮೇಲಿನ ಮನೆಯವರು ಎದ್ದು ಕೂರುತ್ತಿದ್ದರು, ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು, ಪಕ್ಕದ ಕೋಣೆಯಲ್ಲಿ ಮಲಗಿದ ಮಗ ಮಾತ್ರ ಮಗ್ಗುಲು ಬದಲಾಯಿಸಿ ಗೊರಕೆ ಮುಂದುವರಿಸುತ್ತಿದ್ದ. ಕತ್ತರಿ ಎದ್ದು ಅತ್ತೆಯನ್ನು ತೊಳೆದು, ಬಟ್ಟೆ ಬದಲಾಯಿಸಿ, ದಿಂಬು ಒತ್ತಿ ಕೂರಿಸಿ, ಗಂಜಿ ತಿನ್ನಿಸುತ್ತಿದ್ದಳು. ಅದರಲ್ಲೂ ಒಂದು ಕ್ರಮವಿತ್ತು. ಗಂಜಿ ಗಟ್ಟಿಯಾಗಿರಬೇಕು. ಚಮಚ ಎಡಗಡೆಯಿಂದಲೇ ಹೋಗಬೇಕು, ಗದ್ದ ಸ್ವಲ್ಪ ಬಗ್ಗಿರಬೇಕು, ಒಂದು ತುತ್ತು ಇಳಿದ ಮೇಲೇ ಇನ್ನೊಂದು. ನೀರು, ಹಾಲು, ಹಣ್ಣಿನ ರಸ, ತೆಳ್ಳಗಿರುವುದೇನೂ ಕೂಡದು, ಹೊಟ್ಟೆಗೆ ಹೋಗಬೇಕಾದದ್ದು ಉಸಿರಿನ ನಳಿಗೆಗೆ ಹೋಗುತ್ತದೆ. ಅವಸರ ಮಾಡಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಏಜೆಂಟ್ ಫೋನಿನಲ್ಲಿದ್ದ.

ಇದೆಲ್ಲ ಮುಗಿದು, ಪಕ್ಕದ ಮನೆಯ ಅಜ್ಜಿ ಬಂದು ಅತ್ತೆಯ ಹತ್ತಿರ ಕೂತ ಮೇಲೆ, ಕತ್ತರಿ ಓಡುತ್ತಿದ್ದಳು. ಬಸ್ಸಿನಲ್ಲಿ ನಿಂತೇ ತಲೆ ಬಾಚಿಕೊಳ್ಳುತ್ತಿದ್ದಳು. ಹಾಗೆ ಓಡಿ ಹೋದರೂ ದಿನಾ ತಡವೇ. ಏಜೆಂಟ್ ಎದ್ದು, ಬಿಸಿನೀರು ಸ್ನಾನ ಮುಗಿಸಿ, ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು "ಹೇಗಿದ್ದೀಯಮ್ಮಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಹೋಗುತ್ತಿದ್ದ. ಅವನ ಸೇವೆ ಅಷ್ಟು.

ಅತ್ತೆಯೇನು ಪಾಪದ ಹೆಂಗಸಲ್ಲ. ಕೈಕಾಲು ಗಟ್ಟಿಯಿದ್ದ ಕಾಲದಲ್ಲಿ ಅವಳ ಮಾತಿಗೆ ಹಸಿರು ಗಿಡ ಒಣಗುತ್ತಿತ್ತು. ಸೊಸೆ ದುಡಿಯಲು ಹೋಗುವುದು ಅವಳಿಗೆ ಕಣ್ಣಿಗೆ ಕಸ ಬಿದ್ದ ಹಾಗೆ. ಗಂಡ ಸತ್ತ ಮೇಲೆ ಊರವರ ಹರಿದ ಬಟ್ಟೆಗೆ ಕೈಹೊಲಿಗೆ ಹಾಕಿಯೇ ಮಗನನ್ನು ಓದಿಸಿದವಳು ಇವಳು, ಆದರೂ ಸೊಸೆಯ ದುಡಿಮೆ ಎಂದರೆ ಮೂಗು ಮುರಿಯುತ್ತಿದ್ದಳು. ಮಗ ತಿಂದ ತಟ್ಟೆ ಎತ್ತದಿದ್ದರೆ "ಗಂಡಸು, ಇರ್ಲಿ." ಜ್ವರದಲ್ಲಿ ಬಿದ್ದ ಹೆಂಡತಿಗೆ ಒಂದು ಲೋಟ ಬಿಸಿನೀರು ಕೊಡದಿದ್ದರೆ ಅದಕ್ಕೂ "ಇರ್ಲಿ." ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಲಕ್ವ ಹೊಡೆದಾಗ ಅತ್ತೆಯ ಮಾತೆಲ್ಲ ಹೋಗಿ ನಾಲಿಗೆಯ ಮೇಲೆ ಉಳಿದದ್ದು ಆ ಒಂದೇ ಮಾತು. ಈಗ ಹಸಿವಾದರೂ ಇರ್ಲಿ, ಹೊಟ್ಟೆ ತುಂಬಿದರೂ ಇರ್ಲಿ, ಸಿಟ್ಟು ಬಂದರೂ ಇರ್ಲಿ. ಯಾವ ಇರ್ಲಿ ಯಾವುದೆಂದು ಕಣ್ಣು ನೋಡಿ ಹೇಳಬಲ್ಲವಳು ಸೊಸೆ ಒಬ್ಬಳೇ.

ತಲೆ ಮಾತ್ರ ಅತ್ತೆಗೆ ಚಾಕುವಿನಂತೆ ಚುರುಕಾಗಿತ್ತು. ಅದೇ ಅವಳ ಶಿಕ್ಷೆ. ಏಜೆಂಟ್ ಕೆಲವೊಮ್ಮೆ ಗಿರಾಕಿಗಳನ್ನು ಮನೆಗೇ ಕರೆತರುತ್ತಿದ್ದ. ಕೋಣೆಯ ಬಾಗಿಲು ತೆರೆದು, ಅಂಗಡಿಯಲ್ಲಿ ಸರಕು ತೋರಿಸಿದ ಹಾಗೆ ತೋರಿಸುತ್ತಿದ್ದ. "ನೋಡಿ ಸರ್, ಹೇಗಿದ್ದವಳು ಹೀಗಾದಳು. ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗಲ್ಲ. ಹಾಸಿಗೆಯಲ್ಲೇ ಎಲ್ಲಾ." ಜೀವಮಾನವಿಡೀ ಸೆರಗು ಜಾರಗೊಡದೆ ಬಾಳಿದ ಹೆಂಗಸು ಅದನ್ನು ಕೇಳುತ್ತ ಗೋಡೆ ನೋಡುತ್ತಿದ್ದಳು. ಎಡಗೈ ಹೊದಿಕೆಯನ್ನು ಹಿಂಡುತ್ತಿತ್ತು. ಕತ್ತರಿ ಅದನ್ನು ಕಂಡಿದ್ದಳು.

ಇನ್ನು ಕಾರ್ಖಾನೆಯ ಮಾತು. ಅಲ್ಲಿ ನಡುವೆ ಒಂದು ಉದ್ದನೆಯ ಟೇಬಲ್, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ. ಅದು ಕಟಿಂಗ್ ಮಾಸ್ಟರ್ ಟೇಬಲ್. ಅಲ್ಲಿ ನಿಂತವರು ಅಳತೆ ಹಾಕುತ್ತಾರೆ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಉಳಿದವರು ಆ ಗೆರೆಯ ಮೇಲೆ ನಡೆಯುತ್ತಾರೆ. ಹಳೆಯ ಮಾಸ್ಟರ್ ಕಣ್ಣು ಮಂಜಾಗಿ ಕೆಲಸ ಬಿಡುವವನಿದ್ದ. ಆ ಟೇಬಲ್ ಯಾರದೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಮಾಸ್ಟರ್ ತನ್ನ ಸೀಮೆಸುಣ್ಣದ ಡಬ್ಬಿಯನ್ನು ಆಗಲೇ ಕತ್ತರಿಯ ಕಡೆ ಸರಿಸಿದ್ದ. ಕತ್ತರಿ ಜೀವನದಲ್ಲಿ ಬಯಸಿದ್ದು ಬಹಳವಿಲ್ಲ. ಆ ಟೇಬಲ್ ಒಂದನ್ನು ಬಯಸಿದ್ದಳು. ಬಸ್ಸಿನಲ್ಲಿ ನಿಂತಾಗ, ಅತ್ತೆಯ ಬೆನ್ನು ಒರೆಸುವಾಗ, ಪಾತ್ರೆ ತಿಕ್ಕುವಾಗ, ತಾನು ಆ ಕಿಟಕಿಯ ಬೆಳಕಲ್ಲಿ ನಿಂತು ಮೊದಲ ಗೆರೆ ಎಳೆಯುವುದನ್ನು ನೆನೆಯುತ್ತಿದ್ದಳು.

ಒಂದು ತಪ್ಪು ಅವಳ ಹೆಸರಿನಲ್ಲಿತ್ತು. ಅತ್ತೆಗೆ ಎದೆ ಕಟ್ಟಿ, ಕಣ್ಣು ಮುಚ್ಚದೆ ರಾತ್ರಿ ಕಳೆದ ಮಾರನೇ ದಿನ, ಬಟ್ಟೆ ಮಗುಚಲು ಮರೆತು ಒಂದು ಇಡೀ ಅಟ್ಟಿ ಬಟ್ಟೆಯಲ್ಲಿ ಎಡ ತೋಳನ್ನೇ ಎರಡೆರಡು ಸಲ ಕತ್ತರಿಸಿಬಿಟ್ಟಿದ್ದಳು. ಎರಡೂ ಎಡಗೈ ಇರುವ ಮನುಷ್ಯನನ್ನು ದೇವರು ಇನ್ನೂ ಮಾಡಿಲ್ಲವಲ್ಲ. ಮಾಲಕಿ ಅಂದು ಬೈದಿರಲಿಲ್ಲ, ನಿಟ್ಟುಸಿರು ಬಿಟ್ಟಿದ್ದಳು. ಬೈಗುಳವಾದರೆ ಮರೆತುಹೋಗುತ್ತದೆ, ನಿಟ್ಟುಸಿರು ಹೋಗುವುದಿಲ್ಲ.

ಮಾಲಕಿ ಅವಳನ್ನು ಗಾಜಿನ ಕೋಣೆಗೆ ಕರೆಸಿದ ದಿನ ಕತ್ತರಿ ಒಳ್ಳೆಯ ಸುದ್ದಿಯೆಂದೇ ಹೋದಳು.

"ಕೂತ್ಕೋ," ಎಂದಳು ಮಾಲಕಿ. "ಮಾಸ್ಟರ್ ಕೆಲಸ ಮೀಸೆಗೆ ಕೊಡೋಣ ಅಂತಿದ್ದೀನಿ."

ಮೀಸೆ ಎಂದರೆ ಅವಳಿಗಿಂತ ಎಷ್ಟೋ ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು. ಗೆರೆ ಎಳೆಯುವುದನ್ನು ಅವನಿಗೆ ಕಲಿಸಿದವಳೇ ಇವಳು.

"ಮೀಸೆಗಾ ಮೇಡಂ?"

"ಅವನಿಗೆ ಮಗು ಆಗಿದೆಯಲ್ಲ. ಸಂಸಾರ ಬೆಳೀತು, ಜವಾಬ್ದಾರಿ ಬಂತು. ಗಂಡಸು ಇನ್ಮೇಲೆ ಮೈ ಬಗ್ಗಿಸಿ ದುಡೀತಾನೆ."

"ನಂಗೂ ಸಂಸಾರ ಇದೆ ಮೇಡಂ."

"ಅದನ್ನೇ ಹೇಳ್ತಿರೋದು ಕಣೇ," ಎಂದು ಮಾಲಕಿ ಅವಳ ಕೈ ಸವರಿದಳು. "ನಿಂಗೆ ಸಂಸಾರ ಇದೆ. ನಾನೂ ಹೆಂಗಸೇ ಅಲ್ವಾ, ಅರ್ಥ ಆಗುತ್ತೆ. ನಿಮ್ಮೆಜಮಾನ್ರು ಬಂದಿದ್ರು. ಎಷ್ಟು ಒಳ್ಳೆಯವರು. 'ಮನೇಲಿ ಅಮ್ಮನ್ನ ನೋಡ್ಕೊಳ್ಳೋಕೆ ಇವಳನ್ನ ಬಿಟ್ರೆ ಯಾರೂ ಇಲ್ಲ, ಆ ಎರಡು ಎಡಗೈ ಕಥೆ ಮತ್ತೆ ಆದ್ರೆ ನಿಮಗೂ ನಷ್ಟ, ದಯವಿಟ್ಟು ಜವಾಬ್ದಾರಿ ಕೊಡಬೇಡಿ' ಅಂತ ಕೈ ಮುಗಿದು ಕೇಳ್ಕೊಂಡ್ರು."

ಕತ್ತರಿ ಗಾಜಿನಾಚೆ ನೋಡಿದಳು. ಮಗು ಹುಟ್ಟಿದರೆ ಮೀಸೆಗೆ ಬಡ್ತಿ, ಅತ್ತೆ ಬಿದ್ದರೆ ಅವಳಿಗೆ ಹಿಂಬಡ್ತಿ. ಮೀಸೆ ಆ ಮಗುವಿನ ಚಡ್ಡಿ ಒಂದನ್ನಾದರೂ ಒಗೆದಿದ್ದಾನೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಎರಡು ಎಡಗೈ ಕಥೆಯನ್ನು ಅವಳು ಗಂಡನಿಗೆ ಹೇಳಿಕೊಂಡು ಅತ್ತಿದ್ದಳು, ಅವನು ತಲೆ ನೇವರಿಸಿದ್ದ. ಆ ನೇವರಿಕೆಯ ನೆನಪಿಗೆ ಈಗ ಮೈಯೆಲ್ಲ ಉರಿಯಿತು.

ಸಂಜೆ ಬಾಗಿಲಲ್ಲೇ ಕೇಳಿದಳು. "ಕಾರ್ಖಾನೆಗೆ ಹೋಗಿದ್ರಂತೆ."

"ಓ, ಹೇಳಿದ್ರಾ?" ಏಜೆಂಟ್ ಚಪ್ಪಲಿ ಬಿಡುತ್ತ ನಕ್ಕ. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ಬೆಳಿಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬಂದ್ರೆ ಅಮ್ಮನ ಗತಿ ಏನು? ನನ್ನ ಕೈಲಿ ಆಗುತ್ತಾ ಅದೆಲ್ಲಾ?"

"ಊರಿಗೆಲ್ಲಾ ನಾನೇ ಮಾಡ್ತೀನಿ ಅಂತ ಹೇಳ್ತೀರಿ."

"ಅದು ವ್ಯಾಪಾರದ ಮಾತು. ಮನೆಯೊಳಗೆ ಅದನ್ಯಾಕೆ ತರ್ತೀಯ? ಕಾಫಿ ಇದ್ಯಾ?"

ಊರಿಗೆ ಉಪಕಾರಿ, ಮನೆಗೆ ಮಾರಿ. ಕತ್ತರಿ ಕಾಫಿ ಕೊಟ್ಟಳು. ಜಗಳವಾಡಲಿಲ್ಲ. ಜಗಳವಾಡುವ ಹೆಂಡತಿಯ ಗಂಡ ಪುಣ್ಯವಂತ, ಅವನಿಗೆ ಅಪಾಯ ಎಲ್ಲಿಂದ ಬರುತ್ತದೆಂದು ಗೊತ್ತಿರುತ್ತದೆ. ಸುಮ್ಮನಾದವಳ ಗಂಡ ಸ್ವಲ್ಪ ಹುಷಾರಾಗಿರಬೇಕು. ಏಜೆಂಟ್ ಹುಷಾರಾಗಿರಲಿಲ್ಲ, ಬಿಸ್ಕೆಟ್ ಕೇಳಿದ.

ಆ ವಾರವೇ ಬಡಾವಣೆಯ ಸಂಘದ ಅಧ್ಯಕ್ಷರು ಮನೆಗೆ ಬಂದರು. ಏಜೆಂಟನ ಮಾತು ಕೇಳಿ ಕೇಳಿ ಅವರ ಮನಸ್ಸು ಕರಗಿ ನೀರಾಗಿತ್ತು. ಸಂಘದ ವಾರ್ಷಿಕ ಸಭೆಯಲ್ಲಿ ಅವನಿಗೆ ಮಾತೃಸೇವಾ ಪುರಸ್ಕಾರ ಕೊಡುವುದೆಂದು ತೀರ್ಮಾನವಾಗಿತ್ತು. ಭಾನುವಾರ ಬೆಳಿಗ್ಗೆ, ಸಮುದಾಯ ಭವನದಲ್ಲಿ. ತಾಯಿಯನ್ನೂ ಗಾಲಿಕುರ್ಚಿಯಲ್ಲಿ ಕರೆತರಬೇಕು.

"ಮುಖ್ಯ ಅತಿಥಿ ಯಾರು ಗೊತ್ತಾ ತಾಯಿ?" ಎಂದು ಅಧ್ಯಕ್ಷರು ಕತ್ತರಿಯ ಕಡೆ ತಿರುಗಿದರು. "ನಿಮ್ಮ ಕಾರ್ಖಾನೆ ಮಾಲಕಿ. ಭವನಕ್ಕೆ ಕುರ್ಚಿ ಎಲ್ಲಾ ಅವರೇ ಕೊಡ್ಸಿದ್ದು."

ಏಜೆಂಟ್ ಹಿಗ್ಗಿ ಹೀರೇಕಾಯಿಯಾದ. ಕತ್ತರಿ ಲೆಕ್ಕ ಹಾಕಿದಳು. ಒಂದೇ ವೇದಿಕೆ. ಅಮ್ಮನಿಗೆ ನಾನೇ ಕೈಕಾಲು ಎಂದು ಊರಿಗೆ ಹೇಳಿದ ಬಾಯಿ, ಇವಳನ್ನು ಬಿಟ್ಟರೆ ಯಾರೂ ಇಲ್ಲ ಎಂದು ಮಾಲಕಿಗೆ ಹೇಳಿದ ಬಾಯಿ, ಎರಡೂ ಒಂದೇ ಮೈಕಿನ ಮುಂದೆ. ಮನುಷ್ಯ ತನಗೆ ತಾನೇ ಇಷ್ಟು ಚೆನ್ನಾಗಿ ಹಳ್ಳ ತೋಡಿಕೊಂಡಿರುವಾಗ, ಹೆಂಡತಿಯಾದವಳು ದಾರಿ ತೋರಿಸಿದರೆ ಸಾಕು.

"ನಂಗೊಂದು ಹೊಸ ಕೋಟು ಬೇಕು ಕಣೇ," ಎಂದ ಅವನು, ಅಧ್ಯಕ್ಷರು ಹೋದ ಮೇಲೆ.

"ನಾನೇ ಹೊಲೀತೀನಿ," ಎಂದಳು ಕತ್ತರಿ.

ಅಳತೆ ತೆಗೆಯುವಾಗ ಅವನನ್ನು ಕಿಟಕಿಯ ಹತ್ತಿರ ನಿಲ್ಲಿಸಿದಳು. ಒಳ್ಳೆಯ ಕಟರ್ ಮೈಯನ್ನಷ್ಟೇ ಅಳೆಯುವುದಿಲ್ಲ, ಆ ಮೈ ಏನು ಕೆಲಸ ಮಾಡುತ್ತದೆಂದು ನೋಡುತ್ತಾನೆ. ಮೂಟೆ ಹೊರುವವನ ಕೋಟಿಗೆ ಬೆನ್ನಿನಲ್ಲಿ ಜಾಗ ಬಿಡಬೇಕು, ಗಾಡಿ ಓಡಿಸುವವನಿಗೆ ತೋಳಿನಲ್ಲಿ ಬಿಡಬೇಕು. ಅವಳು ಗಂಡನನ್ನು ಹೊಸದಾಗಿ ನೋಡುವಂತೆ ನೋಡಿದಳು. ಕೈ ಜೇಬಿನಲ್ಲಿ. ಹೊರಗೆ ತೆಗೆಯಿರಿ ಎಂದರೆ ತೆಗೆದ, ಮಾತು ಶುರುವಾದೊಡನೆ ಮತ್ತೆ ಜೇಬಿಗೆ ಹೋಯಿತು. ಈ ಕೈ ಯಾವತ್ತೂ ಮುಂದಕ್ಕೆ ಚಾಚಿದ್ದಿಲ್ಲ, ಮೇಲಕ್ಕೆ ಎತ್ತಿದ್ದಿಲ್ಲ. ಈ ಮೈಗೆ ತಕ್ಕ ಕೋಟನ್ನೇ ಹೊಲಿಯುತ್ತೇನೆ ಎಂದುಕೊಂಡಳು.

ಆ ಕೋಟು ನೋಡಬೇಕಿತ್ತು. ಬೂದು ಬಣ್ಣ, ಕಾಲರು ಕತ್ತಿಯ ಅಲಗು, ಭುಜದ ಮೇಲೆ ಒಂದು ನೆರಿಗೆಯಿಲ್ಲ. ಎಡ ತೋಳಿಗೆ ಮೆಷಿನ್ ಹೊಲಿಗೆ, ಎರಡು ಸಾಲು. ಬಲ ತೋಳನ್ನು ಮಾತ್ರ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿದಳು. ಟ್ರಯಲ್ ನೋಡಲು ಹಾಕುವ ಹೊಲಿಗೆ ಅದು, ಉದ್ದುದ್ದ ಟಾಕು, ಒಂದೇ ದಾರ. ಟ್ರಯಲ್ ಮುಗಿದ ಮೇಲೆ ಗಟ್ಟಿ ಹೊಲಿಗೆ ಹಾಕಿ, ಕಚ್ಚಾ ದಾರದ ತುದಿ ಹಿಡಿದೆಳೆದರೆ ಸರ್ರನೆ ಬಂದುಬಿಡುತ್ತದೆ. ಇವಳು ಗಟ್ಟಿ ಹೊಲಿಗೆಯ ಗೊಡವೆಗೇ ಹೋಗಲಿಲ್ಲ. ಬಟ್ಟೆಯ ಬಣ್ಣದ್ದೇ ದಾರ ಹಾಕಿ, ಗಂಟು ಹಾಕದ ತುದಿಯನ್ನು ಕಂಕುಳಲ್ಲಿ ಬಿಟ್ಟಳು. ಕೈ ಇಳಿಬಿಟ್ಟು ನಿಂತರೆ ಆ ಕೋಟು ವರ್ಷಗಟ್ಟಲೆ ಬಾಳುತ್ತಿತ್ತು. ಕೈ ಚಾಚಿ ಯಾರಿಗಾದರೂ ಏನಾದರೂ ಮಾಡಹೊರಟರೆ ಅದರ ಜವಾಬ್ದಾರಿ ಅವಳದಲ್ಲ.

ಕೋಟನ್ನು ಕೈಯಲ್ಲಿ ಹಿಡಿದು ಅತ್ತೆಯ ಗಂಜಿಗೆ ಹೊತ್ತಾಯಿತೆಂದು ಕೋಣೆಗೆ ಹೋದಾಗ, ಅದನ್ನು ಮಂಚದ ತುದಿಯಲ್ಲಿಟ್ಟು ದಿಂಬು ಸರಿಮಾಡಿದಳು. ತಿರುಗಿ ನೋಡಿದರೆ ಅತ್ತೆಯ ಎಡಗೈ ಕೋಟಿನ ಮೇಲಿತ್ತು. ಬೆರಳುಗಳು ಎಡ ತೋಳಿನ ಹೊಲಿಗೆಯನ್ನು ಸವರಿ, ಬಲ ತೋಳಿಗೆ ಬಂದವು. ಅಲ್ಲಿ ನಿಂತವು. ಜೀವಮಾನವಿಡೀ ದಾರದ ಜೊತೆ ಬದುಕಿದ ಬೆರಳು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಟಾಕಿನಿಂದ ಟಾಕಿಗೆ ಮೆಲ್ಲಗೆ ಸರಿದು ಕಂಕುಳಿಗೆ ಹೋಗಿ ದಾರದ ತುದಿಯನ್ನು ಮುಟ್ಟಿದವು.

ಹೆತ್ತ ಕರುಳು. ಈ ಮುದುಕಿ ಚಮಚ ಬಡಿದು ಮಗನನ್ನು ಕರೆದು, ಕಣ್ಣಲ್ಲೇ ತೋರಿಸಿಬಿಟ್ಟರೆ ಎಲ್ಲ ಮುಗಿಯಿತು. ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಹೊರಗೆ ಏಜೆಂಟ್ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದ. "ನನ್ನ ತಾಯಿ ಇವತ್ತು ಒಂದು ಹಸುಗೂಸು. ಅವಳಿಗೆ ಬುದ್ಧಿ ಇಲ್ಲ, ಭಾವ ಇಲ್ಲ..."

ಅತ್ತೆ ದಾರದ ತುದಿಯನ್ನು ಒಳಕ್ಕೆ ಮಡಿಚಿ ಸರಿಯಾಗಿ ಮುಚ್ಚಿದಳು.

"ಇರ್ಲಿ," ಎಂದಳು.

ಕತ್ತರಿ ಅತ್ತೆಯ ಬಾಯಿ ಒರೆಸಿದಳು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಭಾನುವಾರ ಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾಲಕಿ, ಪಕ್ಕದಲ್ಲಿ ಅಧ್ಯಕ್ಷರು. ವೇದಿಕೆಯ ಮೇಲೆ ಒಂದು ಕಡೆ ಗಾಲಿಕುರ್ಚಿಯಲ್ಲಿ ಅತ್ತೆ, ತಲೆ ಬಾಚಿ, ಹೊಸ ಸೀರೆಯುಟ್ಟು, ಮಡಿಲಲ್ಲಿ ಚಮಚ. ಕತ್ತರಿ ಕುರ್ಚಿಯ ಹಿಂದೆ ನಿಂತಿದ್ದಳು, ಕೈಯಲ್ಲಿ ಗಂಜಿಯ ಡಬ್ಬಿ. ಅಧ್ಯಕ್ಷರು ಫಲಕ ಕೊಡಲು ಬಂದಾಗ ಅವಳ ಕಣ್ಣು ಗಂಡನ ಬಲ ಕಂಕುಳ ಮೇಲಿತ್ತು. ಏಜೆಂಟ್ ಮೊಣಕೈ ಮೈಗಂಟಿಸಿಕೊಂಡೇ ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, ಕೈ ಜೇಬಿಗೆ ಹಾಕಿದ. ಟಾಕು ತಡೆಯಿತು.

ಆಮೇಲೆ ಅವನು ಮಾತಾಡಿದ. ಏನು ಮಾತು. ತಾಯಿಯ ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸುವುದು, ಬೆಳಗಾಗುವ ಮೊದಲು ಎದ್ದು ತೊಳೆಯುವುದು, ಒಂದೊಂದೇ ತುತ್ತು ತಿನ್ನಿಸುವುದು. ಹೆಂಡತಿ ಯಾವಾಗಲೋ ಗೊಣಗಿದ್ದನ್ನೆಲ್ಲ ಹೆಕ್ಕಿ ಇಟ್ಟುಕೊಂಡಿದ್ದ. "ನನ್ನ ಹೆಂಡ್ತಿಗೂ ಈ ಭಾರ ಬಿಟ್ಟಿಲ್ಲ. ಹೆತ್ತ ತಾಯಿ ನನ್ನವಳು, ಸೇವೆ ನನ್ನದು," ಎಂದಾಗ ಹಿಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ತಂತಮ್ಮ ಗಂಡಂದಿರನ್ನು ಓರೆಗಣ್ಣಲ್ಲಿ ನೋಡಿದರು. ಚಪ್ಪಾಳೆ ಬಿತ್ತು. ಮಾಲಕಿಯ ಹುಬ್ಬು ಮಾತ್ರ ಸ್ವಲ್ಪ ಗಂಟಾಯಿತು.

"ಇಂಥ ಪುಣ್ಯಾತ್ಮನ ಧರ್ಮಪತ್ನಿ ಎರಡು ಮಾತಾಡಬೇಕು," ಎಂದರು ಅಧ್ಯಕ್ಷರು.

ಕತ್ತರಿ ಮೈಕಿನ ಮುಂದೆ ನಿಂತಳು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ಮೆತ್ತಗೆ ಮಾತಾಡಿದಳು.

"ನಮ್ಮೆಜಮಾನ್ರು ಹೇಳಿದ್ದು ನೀವೆಲ್ಲಾ ಕೇಳಿದ್ರಿ. ನಾನೇನೂ ಸೇರಿಸಲ್ಲ. ಅತ್ತೇನ ತೊಳೆಯೋದು, ತಿನ್ನಿಸೋದು, ಎಲ್ಲಾ ಅವರೇ. ಇಷ್ಟು ಜನರ ಮುಂದೆ ಅವರು ಸುಳ್ಳು ಹೇಳ್ತಾರಾ? ಒಂದೇ ಒಂದು ಬೇಜಾರು ನಂಗೆ. ನಮ್ಮ ಮಾಲಕಿ ಇಲ್ಲೇ ಇದ್ದಾರೆ. ಮನೇಲಿ ಅತ್ತೇನ ನೋಡ್ಕೊಳ್ಳೋಕೆ ನನ್ನ ಬಿಟ್ರೆ ಯಾರೂ ಇಲ್ಲ ಅಂತ ಅವರಿಗೆ ಯಾರೋ ಹೇಳಿದ್ದಾರೆ. ಅದಕ್ಕೇ ಮಾಸ್ಟರ್ ಕೆಲಸ ನಂಗೆ ತಪ್ಪಿತು. ಇಂಥ ಮಗ ಇರೋ ಮನೆಗೆ ಅಂಥ ಕೆಟ್ಟ ಹೆಸರು ಯಾರು ತಂದ್ರೋ. ರೀ, ನೀವೇ ಒಂದು ಮಾತು ಹೇಳ್ಬಿಡಿ ಮೇಡಂಗೆ. ಸೋಮವಾರದಿಂದ ನಾನು ಬೆಳಿಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬಂದ್ರೆ ಅತ್ತೆಗೇನಾದ್ರೂ ತೊಂದ್ರೆ ಇದ್ಯಾ?"

ಭವನ ಏಜೆಂಟನನ್ನು ನೋಡಿತು. ಜೀವನದಲ್ಲಿ ಮೊದಲ ಸಲ ಅವನ ಬಾಯಿಗೆ ಮಾತು ಬರಲಿಲ್ಲ. ಇದೆ ಎಂದರೆ ಫಲಕ ಹೋಗುತ್ತದೆ, ಗಿರಾಕಿಗಳೆಲ್ಲ ಎದುರಲ್ಲೇ ಕೂತಿದ್ದಾರೆ. ಇಲ್ಲ ಎಂದರೆ ಸೋಮವಾರ ಬರುತ್ತದೆ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು.

"ಏನ್ರೀ," ಎಂದಳು ಮಾಲಕಿ, ಕೂತಲ್ಲಿಂದಲೇ. "ಮೊನ್ನೆ ನನ್ನ ಹತ್ರ ಬೇರೆ ಥರ ಹೇಳಿದ ಹಾಗಿತ್ತು?"

"ಇಲ್ಲ ಮೇಡಂ, ಅದು... ನಿಮಗೆ ಕೇಳೋದ್ರಲ್ಲಿ ಏನೋ... ತೊಂದ್ರೆ ಏನಿಲ್ಲ. ನಾನೇ ನೋಡ್ಕೋತೀನಿ."

"ಸ್ವಲ್ಪ ಮೈಕಲ್ಲಿ ಹೇಳ್ರೀ," ಎಂದಳು ಕತ್ತರಿ. "ಹಿಂದಿನವರಿಗೆ ಕೇಳಲಿಲ್ಲ."

"ನಾನೇ ನೋಡ್ಕೋತೀನಿ," ಎಂದಿತು ಮೈಕು, ಭವನದ ಮೂಲೆಮೂಲೆಗೆ ಕೇಳುವಂತೆ.

ಕತ್ತರಿಗೆ ಅಷ್ಟೇ ಸಾಕಿತ್ತು. ಅಲ್ಲಿಗೇ ಮುಗಿದಿದ್ದರೆ ಕೋಟು ಹಾಗೇ ಮನೆಗೆ ಹೋಗುತ್ತಿತ್ತೇನೋ. ಆದರೆ ಫೋಟೋ ತೆಗೆಯುವವನಿಗೆ ಒಂದು ಆಸೆ ಹುಟ್ಟಿತು. "ಸರ್, ಅಮ್ಮನಿಗೆ ಒಂದು ಚಮಚ ತಿನ್ನಿಸ್ತಿರೋ ಥರ ಒಂದು ಫೋಟೋ."

ಕತ್ತರಿ ಗಂಜಿಯ ಡಬ್ಬಿ ತೆರೆದಳು. ಏಜೆಂಟ್ ಅದರ ಕಡೆ ನೋಡಲೂ ಇಲ್ಲ. ಅತಿಥಿಗಳಿಗೆಂದು ಮೇಜಿನ ಮೇಲಿಟ್ಟಿದ್ದ ಹಣ್ಣಿನ ರಸದ ಲೋಟ ಎತ್ತಿಕೊಂಡ. ಗಾಜಿನ ಲೋಟ, ಕೆಂಪು ರಸ, ಫೋಟೋಗೆ ಚೆನ್ನ. ತಾಯಿಯ ಮಡಿಲಲ್ಲಿದ್ದ ಚಮಚ ತೆಗೆದುಕೊಂಡು, ಹೋಗಿ ಬಲಗಡೆ ನಿಂತ.

ಕತ್ತರಿಯ ಸೇಡು ಅವನ ಮೇಲೆ, ಅತ್ತೆಯ ಗಂಟಲಿನ ಮೇಲಲ್ಲ. "ರೀ, ಬೇಡ, ಅದು ತೆಳ್ಳಗಿದೆ," ಎಂದು ಮುಂದೆ ಹೆಜ್ಜೆಯಿಟ್ಟಳು. ಅವನು ಸಿಟ್ಟಿನಿಂದ ಬೆನ್ನು ತಿರುಗಿಸಿ ಅವಳಿಗೆ ಅಡ್ಡ ನಿಂತ. ಚಮಚ ಅತ್ತೆಯ ತುಟಿಗೆ ಬಂತು.

ಅತ್ತೆ ಬಾಯಿ ಮುಚ್ಚಿದಳು. ಒಳ್ಳೆಯ ಕಡೆಯ ಹಲ್ಲಿನಿಂದ ತುಟಿ ಕಚ್ಚಿ ಹಿಡಿದಳು, ರಸ ಗದ್ದದ ಮೇಲಿಂದ ಹೊಸ ಸೀರೆಗೆ ಇಳಿಯಿತು.

"ಬಾಯಿ ತೆಗಿಯಮ್ಮಾ," ಎಂದ ಏಜೆಂಟ್, ಕ್ಯಾಮೆರಾಗೆ ನಗುತ್ತ, ಹಲ್ಲು ಕಚ್ಚುತ್ತ. ಇನ್ನೊಂದು ಚಮಚ. ಮತ್ತೆ ಬಾಯಿ ಮುಚ್ಚಿತು. ಮುಖ ಅತ್ತ ಹೊರಳಿತು. ಅವನು ಮುಖವನ್ನು ಹಿಂಬಾಲಿಸಿ ಬಗ್ಗಿದ, ಬಲಗೈಯನ್ನು ಉದ್ದಕ್ಕೆ ಚಾಚಿದ, ಅವನ ಜೀವಮಾನದಲ್ಲಿ ಆ ಕೈ ಹೋಗದಷ್ಟು ದೂರ. ಕಂಕುಳಲ್ಲಿ ಟಾಕೊಂದು ಚಿಟ್ಟೆಂದಿತು. ಬಟ್ಟೆ ಬಾಯಿ ತೆರೆಯಿತು. ಬೂದು ದಾರದ ತುದಿ ಹೊರಬಂದು ಅತ್ತೆಯ ಮೂಗಿನ ಮುಂದೆ ಜೋತಾಡಿತು.

ಅತ್ತೆಯ ಎಡಗೈ ಮೇಲೆದ್ದಿತು. ಮುಂದಿನ ಸಾಲಿನವರು ತಾಯಿ ಮಗನನ್ನು ಹರಸುತ್ತಾಳೆಂದುಕೊಂಡರು, ಅಧ್ಯಕ್ಷರು ಕರವಸ್ತ್ರ ತೆಗೆದರು. ಎರಡು ಬೆರಳು ದಾರವನ್ನು ಹಿಡಿದವು, ಒಂದೇ ಎಳೆತ. ಸರ್ರನೆ ದಾರ ಪೂರ್ತಿ ಬಂತು. ತೋಳು ಭುಜದಿಂದ ಕಳಚಿ, ಕೈಯುದ್ದಕ್ಕೂ ಜಾರಿ, ರಸದ ಲೋಟಕ್ಕೆ ತಾಗಿ ಕೆಳಗೆ ಬಿತ್ತು.

ಅತ್ತೆ ಒಂದು ಮಾತು ಹೇಳಿದಳು. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿತು.

"ಇರ್ಲಿ."

ನಗು ಹಿಂದಿನ ಸಾಲಿನ ಹೆಂಗಸರಿಂದ ಶುರುವಾಯಿತು. ಆಗಷ್ಟೇ ಮೂಗು ಒರೆಸಿಕೊಂಡವರು ಈಗ ಸೆರಗು ಬಾಯಿಗೆ ತುರುಕಿಕೊಂಡರು. ಗಂಡಸರು ತಡೆದುಕೊಂಡು ನೋಡಿ, ಆಗದೆ ನಕ್ಕರು. ಬುದ್ಧಿಯಿಲ್ಲ, ಭಾವವಿಲ್ಲ ಎಂದು ಅವನು ಮನೆ ಮನೆಗೆ ಮಾರಿದ್ದ ಮುದುಕಿ ದಾರವನ್ನು ಬೆರಳಿಗೆ ನೀಟಾಗಿ ಸುತ್ತಿಕೊಳ್ಳುತ್ತಿದ್ದಳು. ಏಜೆಂಟ್ ಒಂದು ತೋಳಿನ ಕೋಟಿನಲ್ಲಿ ಇಂಗು ತಿಂದ ಮಂಗನಂತೆ ನಿಂತಿದ್ದ. ಕತ್ತರಿ ಅವನನ್ನು ಸರಿಸಿ, ಎಡಗಡೆ ಕೂತು, ಅತ್ತೆಯ ಗದ್ದ ಒರೆಸಿ, ಗದ್ದ ಬಗ್ಗಿಸಿ, ಒಂದು ಚಮಚ ಗಂಜಿ ಕೊಟ್ಟಳು. ಬಾಯಿ ತಾನಾಗಿ ತೆರೆಯಿತು. ಆಗ ನಗು ನಿಂತಿತು. ಆ ಬಾಯಿಗೆ ಯಾವ ಕೈಯ ಗುರುತಿದೆಯೆಂದು ಇಡೀ ಭವನ ನೋಡಿತು. ಕತ್ತರಿಗೆ ತಣ್ಣನೆಯ ನೀರು ಕುಡಿದಷ್ಟು ಸಮಾಧಾನವಾಯಿತು. ಅದನ್ನು ಮುಚ್ಚಿಡುವುದೇಕೆ?

ಮಾಲಕಿ ವೇದಿಕೆಗೆ ಬಂದು ಕೆಳಗೆ ಬಿದ್ದ ತೋಳನ್ನು ಎತ್ತಿ ಅಂಚನ್ನು ನೋಡಿದಳು. ಅವಳೂ ಹೊಲಿಗೆಯವರ ಮನೆಯಲ್ಲೇ ಬೆಳೆದವಳು.

"ಮರೆತು ಬಿಟ್ಟಿದ್ದಲ್ಲ ಇದು," ಎಂದಳು ತಗ್ಗಿದ ದನಿಯಲ್ಲಿ.

"ಇಲ್ಲ ಮೇಡಂ."

"ನನ್ನ ಮೇಲೂ ಕೋಪ ಇತ್ತಾ?"

"ಇತ್ತು. ಇನ್ನೂ ಇದೆ. ಹೆಂಗಸು ಅಂತ ಅರ್ಥ ಮಾಡ್ಕೊಂಡು ಟೇಬಲ್ ಕಿತ್ಕೊಂಡ್ರಿ. ಅರ್ಥ ಮಾಡ್ಕೊಳ್ದೇ ಇದ್ದಿದ್ರೆ ಒಳ್ಳೇದಿತ್ತು."

ಮಾಲಕಿ ತೋಳನ್ನು ಮಡಿಚಿದಳು. "ನಾಳೆ ಬೇಗ ಬಾ. ಮೀಸೆಗೆ ನಾನು ಹೇಳ್ತೀನಿ. ತಡ ಆದ್ರೆ ಮಾತ್ರ ನೋಡು."

"ತಡ ಆಗಲ್ಲ," ಎಂದಳು ಕತ್ತರಿ. "ಮನೇಲಿ ನೋಡ್ಕೊಳ್ಳೋರು ಇದ್ದಾರೆ."

ಅಂದು ಮಧ್ಯಾಹ್ನವೆಲ್ಲ ಅವಳು ಗಂಡನಿಗೆ ಕಲಿಸಿದಳು. ಅವನು ಕೂಗಾಡಿದ, ಮಾನ ಕಳೆದೆ ಎಂದ, ಆಮೇಲೆ ಅಂಗಲಾಚಿದ. ಅಧ್ಯಕ್ಷರ ಮನೆಗೆ ಹೋಗಿ ಫಲಕ ವಾಪಸು ಕೊಟ್ಟು ನಿಜ ಹೇಳಿ ಬನ್ನಿ, ಆಮೇಲೆ ಬೇರೆ ದಾರಿ ನೋಡೋಣ ಎಂದಳು. ಅವನು ಫಲಕದ ಕಡೆ ನೋಡಿದ, ಗಿರಾಕಿಗಳನ್ನು ನೆನೆದ, ಬಂದು ಮಂಚದ ಹತ್ತಿರ ಕೂತ. ಗದ್ದ ಬಗ್ಗಿಸಿದರೆ ಗಂಟಲಿಗೇನಾಗುತ್ತದೆಂದು ಅವನಿಗೇ ಗಂಜಿ ತಿನ್ನಿಸಿ ತೋರಿಸಿದಳು. ಬದಲಾಯಿಸುವುದು, ತೊಳೆಯುವುದು, ಮಗ್ಗುಲು, ಎಲ್ಲ ಎರಡೆರಡು ಸಲ ಮಾಡಿಸಿದಳು. ಎರಡನೆಯ ಸಲ ಅತ್ತೆಯೇ ಕೈ ಹಿಡಿದು ಜಾಗ ತೋರಿಸಿದಳು, ಪಾಪ ಎಂದಲ್ಲ, ಅವನು ಮಾಡಿದ್ದು ಸರಿಯಿರಲಿಲ್ಲ ಎಂದು.

ಸೋಮವಾರ ಬೆಳಕು ಹರಿಯುವಾಗ ಕತ್ತರಿ ತಲೆ ಬಾಚಿಕೊಂಡು, ಕನ್ನಡಿ ನೋಡಿಕೊಂಡು, ನಿಧಾನವಾಗಿ ಚಪ್ಪಲಿ ಮೆಟ್ಟಿದಳು. ಏಜೆಂಟ್ ಕೆದರಿದ ತಲೆಯಲ್ಲಿ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ಅವನ ಜೇಬಿಗೆ ಹೋಗಲು ಕೈಯೇ ಇರಲಿಲ್ಲ.

"ಅಮ್ಮಾ, ನೀನಾದ್ರೂ ಹೇಳಮ್ಮಾ ಇವಳಿಗೆ," ಎಂದ.

ಅತ್ತೆ ಮಗನನ್ನು ನೋಡಿದಳು. ಬೆರಳಿನಲ್ಲಿ ಇನ್ನೂ ಆ ಬೂದು ದಾರ ಸುತ್ತಿತ್ತು. ಚಮಚ ಎತ್ತಿ ಕಂಬಿಗೆ ಬಡಿದಳು.

ಕತ್ತರಿ ಬೀದಿಗೆ ಇಳಿದಳು. ಕಿಟಕಿಯಿಂದ ಟಣ್ ಟಣ್ ಸದ್ದು ಹಿಂದೆಯೇ ಬಂತು. ಅವಳ ಕಾಲು ಹಳೆಯ ಅಭ್ಯಾಸದಿಂದ ತಟ್ಟನೆ ನಿಂತಿತು. ಒಳಗೆ ಏನೋ ಬಿದ್ದ ಸದ್ದು, ಏಜೆಂಟನ "ಬಂದೆ ಬಂದೆ" ಎಂಬ ದನಿ, ಮತ್ತೆ ಚಮಚ, ಈ ಸಲ ಇನ್ನೂ ಜೋರಾಗಿ. ಹಸಿವಿನ ಸದ್ದಲ್ಲ ಅದು, ನೋವಿನದೂ ಅಲ್ಲ, ಕತ್ತರಿಗೆ ಗೊತ್ತಾಗದೆ ಇರುತ್ತದೆಯೇ. ಮುದುಕಿ ಮಗನನ್ನು ಕರೆಯುತ್ತಿದ್ದಳು, ಸುಮ್ಮನೆ, ಅವನು ಓಡಿ ಬರಲಿ ಎಂದು.

"ಇರ್ಲಿ," ಎಂದಳು ಕತ್ತರಿ, ಮತ್ತು ಬಸ್ಸಿಗೆ ನಡೆದಳು.